ಬೆಳ್ಳಿಯ ಪಾತ್ರೆ ಮತ್ತು ಸೇವೆಯ ಮನ್ನಣೆ

ರಷ್ಯಾ ದೇಶದಲ್ಲಿ ಕೋವ್ಶ್ ಎಂಬ ಪ್ರಾಚೀನ ಪಾನಪಾತ್ರೆಯೊಂದುಂಟು. ದೋಣಿಯಂತಹ ಒಡಲು, ಒಂದು ಬದಿಗೆ ಮೇಲೆದ್ದ ಹಿಡಿ. ದೂರದಿಂದ ನೋಡಿದರೆ ನೀರಿನ ಮೇಲೆ ತೇಲುವ ಹಕ್ಕಿಯಂತೆ ತೋರುತ್ತದೆ. ಮೊದಲಿಗೆ ಹಳ್ಳಿಗರು ಅದನ್ನು ಮರದಲ್ಲಿ ಕೆತ್ತಿ, ಜೇನನ್ನು ಹುದುಗಿಸಿ ಮಾಡಿದ ಪಾನೀಯವನ್ನು ಅದರಿಂದಲೇ ಮೊಗೆದು ಅದರಿಂದಲೇ ಕುಡಿಯುತ್ತಿದ್ದರು. ಅರಮನೆಯನ್ನು ಹೊಕ್ಕ ಮೇಲೆ ಅದು ಬೆಳ್ಳಿಬಂಗಾರಗಳ ಪಾತ್ರೆಯಾಯಿತು. 17ನೆಯ ಶತಮಾನದ ಕೊನೆಯಿಂದೀಚೆಗೆ ಬಾಯಾರಿಕೆಗೂ ಅದಕ್ಕೂ ಇದ್ದ ನಂಟು ಸಡಿಲಿ, ನಿಷ್ಠಾವಂತ ಸೇವಕರಿಗೆ ಚಕ್ರವರ್ತಿಗಳು ದಯಪಾಲಿಸುವ ಬಹುಮಾನವೆನಿಸಿತು. ಅದರ ಮೇಲೆ ಎರಡು ತಲೆಯ ಹದ್ದಿನ ಲಾಂಛನ (ಗಂಡಭೇರುಂಡವನ್ನು ಬಲ್ಲ ಕನ್ನಡಿಗರಿಗೆ ಈ ಪಕ್ಷಿ ತೀರ ಹೊಸದಲ್ಲ), ಪಡೆದವನ ಹೆಸರು, ಸೇವೆಯ ವಿವರ.

ಯಾರ ಸೇವೆಗೆ ಈ ಮನ್ನಣೆ ಸಲ್ಲುತ್ತಿತ್ತೆಂಬುದು ವಿಚಾರಾರ್ಹವಾದುದು. ಕೊಸಾಕ್ ದಳಗಳ ನಾಯಕರು ಇದನ್ನು ಪಡೆದರು, ಸಹಜವೇ. ಆದರೆ ಹೆಂಡದಂಗಡಿಗಳಿಂದ ಬೊಕ್ಕಸಕ್ಕೆ ಹೆಚ್ಚು ಹಣ ಕೂಡಿಸಿಕೊಟ್ಟ ವಸೂಲಿದಾರರೂ ಪಡೆದರು! ಅಂಗಡಿಯಲ್ಲಿ ಕುಡಿದವನ ಮನೆಯ ಒಲೆ ಉರಿಯಿತೋ ಇಲ್ಲವೋ ಎಂಬುದನ್ನು ಬೆಳ್ಳಿಯ ಮೇಲೆ ಯಾರು ತಾನೆ ಕೆತ್ತಿಸುತ್ತಾರೆ? ಒಡೆಯನಿಗೆ ಸಲ್ಲಿದ್ದೆಲ್ಲ ಲೋಕಕ್ಕೂ ಸಲ್ಲಿತೆಂದು ತಿಳಿಯುವುದು ಸರಿಯಲ್ಲ.

ಕನ್ನಡನಾಡಿನಲ್ಲಿಯೂ ಒಡೆಯರು ಆಳುಗಳಿಗೆ ಬಹುಮಾನವಿತ್ತಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಸೊಗಸಾದ ನಿದರ್ಶನ. ಕ್ರಿ. ಶ. 949ರ ತಕ್ಕೋಲಂ ಯುದ್ಧದ ಕಾಲದಲ್ಲಿ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಗಂಗರ ಬೂತುಗನು ಏನು ಬೇಕೆಂದು ಕೇಳಿದನು. ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನೆಟ್ಟನು. ಇಲ್ಲಿ ಕೊಡುವವನು ಕೇಳಿ ಕೊಟ್ಟನು. ಪಡೆದವನು ತನ್ನ ಮನಸ್ಸಿಗೆ ಬಂದುದನ್ನು ಪಡೆದನು. ನಿಷ್ಠೆಯೋ, ಮನುಷ್ಯನಿಂದ ನಾಯಿಗೂ ನಾಯಿಯಿಂದ ಮನುಷ್ಯನಿಗೂ ಹರಿಯಿತು.

ಮನ್ನಣೆಯನ್ನು ಪಡೆದವನು ಕೊಟ್ಟವರಿಗೆ ಎಂದೆಂದಿಗೂ ಕಟ್ಟುಬಿದ್ದವನೇ? ಕೋಟದ ನೆಲ ಇದಕ್ಕೆ ಉತ್ತರ ಕೊಟ್ಟಿದೆ. 1902ರಲ್ಲಿ ಅಲ್ಲಿ ಜನಿಸಿದ ಶಿವರಾಮ ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1975ರಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ ಅದನ್ನು ಪ್ರತಿಭಟಿಸಿ ಅವರು ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಅವರಿಗೆ ಮನ್ನಣೆಯ ಮೇಲೆಯೇ ತಾತ್ಸಾರವಿತ್ತೆನ್ನುವಂತಿಲ್ಲ. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಸಂದ 1977ನೆಯ ಸಾಲಿನ ಜ್ಞಾನಪೀಠವನ್ನು ಸ್ವೀಕರಿಸಿದರು. ಮಾಡಿದ ಕೆಲಸಕ್ಕೆ ಮನ್ನಣೆ ಸಲ್ಲಬಹುದು. ಮುಂದೆ ಆಡಬೇಕಾದ ಮಾತಿಗೆ ಅದು ಮುಂಗಡವಾಗಬಾರದು.

ವಿದ್ಯಾಸಂಸ್ಥೆಗಳಲ್ಲಿ ಉಪಾಧ್ಯಾಯರು ನಿವೃತ್ತರಾಗುವಾಗ ದಾನಿಗಳು ಬೆಳ್ಳಿಯ ತಟ್ಟೆಯನ್ನೋ ಲೋಟವನ್ನೋ ಕೊಡುವ ವಾಡಿಕೆಯುಂಟು. ಅದು ಒಳ್ಳೆಯ ವಾಡಿಕೆ. ಆದರೆ ಎಷ್ಟೋ ಕಡೆ ಅದರ ಮೇಲೆ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ ಮೆರೆಯುತ್ತದೆ. ಪಡೆದವರ ದುಡಿಮೆಯ ಸುಳಿವೇ ಇರುವುದಿಲ್ಲ. ರಷ್ಯಾದ ಅರಸರಾದರೂ ಸೇವೆ ಯಾವುದೆಂದು ಬರೆಸುತ್ತಿದ್ದರು. ಮೂವತ್ತು ವರ್ಷ ಹಳಗನ್ನಡವನ್ನು ಪಾಠ ಹೇಳಿದವರಿಗೆ ‘ಮೂವತ್ತು ವರ್ಷ ಹಳಗನ್ನಡದ ಪಾಠ’ ಎಂದೇ ಕೆತ್ತಿಸಿ ಕೊಡಲಿ. ದಾನಿಗಳ ಹೆಸರಿಗೆ ತಟ್ಟೆಯ ಹಿಂಬದಿಯಲ್ಲಿ ಬೇಕಾದಷ್ಟು ಸ್ಥಳವಿದೆ.