ಹಳೆಯ ಆವೃತ್ತಿಗೆ ಏನು ಕೆಲಸ?

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ಅದನ್ನು ಸ್ವಚ್ಛಗೊಳಿಸುವ ಉತ್ಸಾಹ ಮನೆಯವರಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಬೇಡದ ಆಟಗಳನ್ನೂ ಚಿತ್ರಗಳನ್ನೂ ಅಳಿಸಿದ ಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ತಂತ್ರಾಂಶಗಳ ಪಟ್ಟಿಯತ್ತ ಕಣ್ಣು ಹೋಗುತ್ತದೆ. ಅಲ್ಲಿ ‘ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ ರಿಡಿಸ್ಟ್ರಿಬ್ಯೂಟಬಲ್’ ಎಂಬ ಒಂದೇ ಹೆಸರು ಆರೆಂಟು ಸಲ ಕಾಣಿಸುವುದುಂಟು. ವ್ಯತ್ಯಾಸ ಇಷ್ಟೇ: ಒಂದರಲ್ಲಿ 2008 ಎಂದಿದ್ದರೆ ಇನ್ನೊಂದರಲ್ಲಿ 2010, ಮತ್ತೊಂದರಲ್ಲಿ 2013 ಎಂದಿರುತ್ತದೆ. ಹೊಸದೊಂದಿದ್ದರೆ ಸಾಲದೇ ಎಂದು ಹಳೆಯವನ್ನೆಲ್ಲ ಅಳಿಸಿದರೆ, ಮರುದಿನ ಮಕ್ಕಳ ಪಾಠದ ತಂತ್ರಾಂಶ ತೆರೆಯದೇ ಹೋಗಬಹುದು. ‘ಎಂಎಸ್‌ವಿಸಿಆರ್100.ಡಿಎಲ್ಎಲ್ ಸಿಗುತ್ತಿಲ್ಲ’ ಎಂಬ ಒಗಟಿನಂಥ ಸಂದೇಶ ಮಾತ್ರ ಪರದೆಯ ಮೇಲೆ ನಿಲ್ಲುತ್ತದೆ.

ಇದೇಕೆ ಹೀಗೆ? ಕಡತ ತೆರೆಯುವುದು, ಅಕ್ಷರಗಳನ್ನು ಹೋಲಿಸುವುದು, ವರ್ಗಮೂಲ ಕಂಡುಹಿಡಿಯುವುದು ಮುಂತಾದ ಕೆಲಸಗಳು ಬಹುತೇಕ ಎಲ್ಲ ತಂತ್ರಾಂಶಗಳಿಗೂ ಬೇಕು. ತಂತ್ರಾಂಶ ಬರೆಯುವ ಪ್ರತಿಯೊಬ್ಬರೂ ಇವನ್ನು ಮೊದಲಿನಿಂದ ಬರೆಯುತ್ತ ಕೂರುವುದಿಲ್ಲ. ಇಂಥ ಕೆಲಸಗಳಿಗೆಂದೇ ಸಿದ್ಧಪಡಿಸಿದ ಕಡತಗಳ ಒಂದು ಕಟ್ಟು ಇರುತ್ತದೆ. ತಂತ್ರಾಂಶ ಓಡುವಾಗ ಅದರ ನೆರವು ಪಡೆಯುತ್ತದೆ. ಈ ಕಟ್ಟಿಗೆ ‘ರನ್‌ಟೈಮ್’ ಎಂದು ಹೆಸರು. 2010ರ ರನ್‌ಟೈಮ್ ನಂಬಿ ತಯಾರಾದ ತಂತ್ರಾಂಶ ಅದನ್ನೇ ಹುಡುಕುತ್ತದೆ. ಪಕ್ಕದಲ್ಲೇ 2013ರದು ಇದ್ದರೂ ಅದರಿಂದ ಕೆಲಸ ಸಾಗದು.

ಶಾಲಾ ಕಾಲೇಜಿನ ಮಕ್ಕಳಿಗೆ ಇದರ ಹೋಲಿಕೆ ಸುಲಭವಾಗಿ ಅರ್ಥವಾದೀತು. ಪಠ್ಯಕ್ರಮ ಬದಲಾದ ವರ್ಷ ಹೊಸ ಪಠ್ಯಪುಸ್ತಕ ಬರುತ್ತದೆ. ಆದರೆ ಹಳೆಯ ಪಠ್ಯಕ್ರಮದಲ್ಲೇ ಪರೀಕ್ಷೆ ಬರೆಯಬೇಕಾದ ರಿಪೀಟರ್‌ಗೆ ಹೊಸ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ಅವನ ಪರೀಕ್ಷೆ ಮುಗಿಯುವ ತನಕ ಹಳೆಯ ಪುಸ್ತಕವೂ ಕಪಾಟಿನಲ್ಲಿ ಇರಲೇಬೇಕು.

ತಂತ್ರಾಂಶ ತೆರೆಯದಿದ್ದರೆ ತೊಂದರೆ ಕಣ್ಣಿಗೆ ಕಾಣುತ್ತದೆ. ತೆರೆದು, ಓಡಿ, ಬೇರೆ ಉತ್ತರ ಕೊಟ್ಟರೆ ಅದು ಹೆಚ್ಚಿನ ಅಪಾಯ. ವಿದ್ಯಾರ್ಥಿಗಳು ಕಲಿಯುವ ಪೈಥಾನ್ ಭಾಷೆಯೇ ಇದಕ್ಕೆ ಉದಾಹರಣೆ. ಪೈಥಾನ್ 3 ಬಿಡುಗಡೆಯಾದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ರ ಕೊನೆಯ ಆವೃತ್ತಿಯಾದ 2.7 ಬಂದದ್ದು 2010ರಲ್ಲಿ. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಅಂದರೆ ಎರಡೂ ಹನ್ನೊಂದು ವರ್ಷಗಳ ಕಾಲ ಜೊತೆಜೊತೆಯಾಗಿ ಬಾಳಿದವು. ಒಬ್ಬ ವಿದ್ಯಾರ್ಥಿ ಎರಡು ಕಿರುಪರೀಕ್ಷೆಗಳಲ್ಲಿ 87 ಮತ್ತು 88 ಅಂಕ ಪಡೆದಿದ್ದಾನೆ ಎನ್ನೋಣ. ಮೊತ್ತ 175. ಅದನ್ನು 2ರಿಂದ ಭಾಗಿಸೆಂದರೆ ಪೈಥಾನ್ 2 ಕೊಡುವ ಉತ್ತರ 87. ಪೈಥಾನ್ 3 ಕೊಡುವ ಉತ್ತರ 87.5. ಪೂರ್ಣಾಂಕಗಳನ್ನು ಭಾಗಿಸಿದಾಗ ಹಳೆಯದು ದಶಮಾಂಶ ಭಾಗವನ್ನು ಬಿಟ್ಟುಬಿಡುತ್ತಿತ್ತು, ಹೊಸದು ಉಳಿಸಿಕೊಳ್ಳುತ್ತದೆ. ಎರಡೂ ತಮ್ಮ ತಮ್ಮ ನಿಯಮದಂತೆ ಸರಿಯೇ. ಆದರೆ ಹಳೆಯ ಪುಸ್ತಕದ ಲೆಕ್ಕವನ್ನು ಹೊಸ ಪೈಥಾನ್‌ನಲ್ಲಿ ಮಾಡಿ, ಉತ್ತರ ತಾಳೆಯಾಗುತ್ತಿಲ್ಲವೆಂದು ಮಗು ಕಣ್ಣೀರಿಡುತ್ತಿದ್ದರೆ ತಪ್ಪು ಮಗುವಿನದಲ್ಲ ಎಂಬುದನ್ನು ಹಿರಿಯರು ಗಮನಿಸಬೇಕು.

ಹಳೆಯದು, ಹೊಸದು ಒಂದೇ ಕಂಪ್ಯೂಟರಿನಲ್ಲಿ ಜಗಳವಾಡದೆ ಇರಬಲ್ಲವೇ ಎಂಬ ಸಂದೇಹ ಸಹಜ. 1990ರ ದಶಕದಲ್ಲಿ ಅವು ನಿಜಕ್ಕೂ ಜಗಳವಾಡುತ್ತಿದ್ದವು. ಆಗ ಹಲವಾರು ತಂತ್ರಾಂಶಗಳು ಬಳಸುವ ಕಡತಗಳು ವಿಂಡೋಸ್‌ನ ಒಂದೇ ಫೋಲ್ಡರಿನಲ್ಲಿ ಇರುತ್ತಿದ್ದವು. ಹೊಸ ತಂತ್ರಾಂಶವೊಂದು ತನ್ನ ಕಡತವನ್ನು ಹಳೆಯದರ ಮೇಲೆ ಹೇರಿದರೆ, ಹಳೆಯದನ್ನು ನಂಬಿದ್ದ ಇನ್ನೊಂದು ತಂತ್ರಾಂಶ ಮುಗ್ಗರಿಸುತ್ತಿತ್ತು. ಪರಿಣತರು ಇದನ್ನು ‘ಡಿಎಲ್ಎಲ್ ನರಕ’ ಎಂದೇ ಕರೆಯುತ್ತಿದ್ದರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಕಡತದ ಬೇರೆ ಬೇರೆ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ಇಡುವ ಏರ್ಪಾಡು ಮಾಡಲಾಯಿತು. ಪಟ್ಟಿಯಲ್ಲಿ ಒಂದೇ ಹೆಸರು ಹಲವು ಸಲ ಕಾಣಿಸುವುದು ಇಂಥ ಏರ್ಪಾಡಿನ ಫಲ, ಕಸವಲ್ಲ.

ಆ ಪಟ್ಟಿಯನ್ನು ಓದುವ ಕ್ರಮ ಹೀಗಿದೆ. ವಿಷುಯಲ್ ಸಿ ಪ್ಲಸ್ ಪ್ಲಸ್‌ನ 2005, 2008, 2010, 2012, 2013ರ ರನ್‌ಟೈಮ್‌ಗಳು ಬೇರೆ ಬೇರೆ. ಒಂದು ಇನ್ನೊಂದರ ಕೆಲಸ ಮಾಡದು. 2015, 2017, 2019, 2022ರವು ಮಾತ್ರ ಒಂದೇ ಕುಟುಂಬ. ಇವುಗಳಲ್ಲಿ ಹೊಸದಿದ್ದರೆ ಹಳೆಯವು ಬೇಕಿಲ್ಲ. ಪ್ರತಿಯೊಂದರಲ್ಲೂ ಎಕ್ಸ್86, ಎಕ್ಸ್64 ಎಂಬ ಎರಡು ಬಗೆಗಳಿರುತ್ತವೆ. ಮೊದಲನೆಯದು 32 ಬಿಟ್ ತಂತ್ರಾಂಶಗಳಿಗೆ, ಎರಡನೆಯದು 64 ಬಿಟ್ ತಂತ್ರಾಂಶಗಳಿಗೆ. ಕಂಪ್ಯೂಟರ್ 64 ಬಿಟ್‌ನದಾದರೂ ಅದರಲ್ಲಿ 32 ಬಿಟ್ ತಂತ್ರಾಂಶಗಳೂ ಓಡುವುದರಿಂದ ಎರಡೂ ಬೇಕಾಗಬಹುದು. ಇವನ್ನು ಅಳಿಸಿದರೆ ಕಂಪ್ಯೂಟರಿನ ವೇಗ ಹೆಚ್ಚುವುದೂ ಇಲ್ಲ. ಯಾವ ತಂತ್ರಾಂಶವೂ ಕರೆಯದಿದ್ದಾಗ ರನ್‌ಟೈಮ್ ಸುಮ್ಮನೆ ಡಿಸ್ಕಿನಲ್ಲಿ ಮಲಗಿರುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಕಣ್ಣುಮುಚ್ಚಿ ಉಳಿಸಿಕೊಳ್ಳುವುದೂ ಜಾಣತನವಲ್ಲ. ಬೆಂಬಲ ನಿಂತ ಆವೃತ್ತಿಯಲ್ಲಿ ದೋಷ ಪತ್ತೆಯಾದರೆ ಅದನ್ನು ಸರಿಪಡಿಸುವವರು ಇರುವುದಿಲ್ಲ. 2010ರ ರನ್‌ಟೈಮ್‌ಗೆ 2020ರಲ್ಲಿ, 2013ರದಕ್ಕೆ 2024ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಇದು ಹಳೆಯದೇ?’ ಎಂಬುದಲ್ಲ, ‘ಇದು ಯಾರಿಗೆ ಬೇಕು?’ ಎಂಬುದು. ಅದನ್ನು ಬಳಸುವ ತಂತ್ರಾಂಶವೇ ಮನೆಯಲ್ಲಿ ಉಳಿದಿಲ್ಲವಾದರೆ ತೆಗೆಯಬಹುದು. ತೆಗೆಯುವಾಗ ಹೆಸರು, ವರ್ಷ, ಬಗೆಯನ್ನು ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನೇ ತೆಗೆದು, ಎಲ್ಲವೂ ತೆರೆಯುತ್ತಿವೆಯೇ ಎಂದು ನೋಡಬೇಕು. ಕಡತ ಕಾಣೆಯಾಗಿದೆ ಎಂಬ ಸಂದೇಶ ಬಂದರೆ ಆ ಒಂದು ಡಿಎಲ್ಎಲ್ ಕಡತವನ್ನು ಯಾವುದೋ ಅಪರಿಚಿತ ತಾಣದಿಂದ ಇಳಿಸಿಕೊಳ್ಳುವುದು ಕೂಡದು. ಅದರ ಜೊತೆ ವೈರಸ್ ಬಂದೀತು. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಪೂರ್ತಿ ಕಟ್ಟನ್ನು ಪಡೆದು ಹಾಕಿಕೊಳ್ಳಬೇಕು. ಮೇಲಿನ ಸಂದೇಶದಲ್ಲಿರುವ 100 ಎಂದರೆ 2010ರ ಕಟ್ಟು, 110 ಎಂದರೆ 2012ರದು, 120 ಎಂದರೆ 2013ರದು.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇನ್ನೂ ಎರಡು ಅಭ್ಯಾಸ ರೂಢಿಸಿಕೊಳ್ಳಬೇಕು. ಯಾವ ಭಾಷೆಯ ಯಾವ ಆವೃತ್ತಿಯಲ್ಲಿ ಬರೆದದ್ದು ಎಂಬುದನ್ನು ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲೇ ನಮೂದಿಸುವುದು ಒಂದು. ಆಗ ಮನೆಯಲ್ಲಿ ಓಡಿದ್ದು ಕಾಲೇಜಿನ ಲ್ಯಾಬಿನಲ್ಲಿ ಓಡದಿದ್ದರೆ ಕಾರಣ ಹುಡುಕುವುದು ಸುಲಭ. ಪ್ರತಿ ಪ್ರಾಜೆಕ್ಟಿನ ಸಾಮಗ್ರಿಯನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಇನ್ನೊಂದು. ಪೈಥಾನ್ 3.3ರಿಂದ ಈಚೆಗೆ ‘ವೆನ್ವ್’ ಎಂಬ ಸೌಲಭ್ಯ ಅದರೊಂದಿಗೇ ಬರುತ್ತದೆ. ಇದರಿಂದ ಒಂದು ಪ್ರಾಜೆಕ್ಟಿನ ಲೈಬ್ರರಿಗಳು ಇನ್ನೊಂದರ ತಂಟೆಗೆ ಹೋಗುವುದಿಲ್ಲ.

ಪರೀಕ್ಷೆಗೋ ಪ್ರಾಜೆಕ್ಟ್ ಪ್ರದರ್ಶನಕ್ಕೋ ವಾರವಿರುವಾಗ ಮಾತ್ರ ಕಂಪ್ಯೂಟರಿನ ಯಾವ ಆವೃತ್ತಿಯನ್ನೂ ಬದಲಿಸದಿರುವುದು ಕ್ಷೇಮ. ಸ್ವಚ್ಛತೆಯ ಕೆಲಸಕ್ಕೆ ರಜೆಯ ದಿನಗಳು ಇದ್ದೇ ಇವೆ.