ನಿಂತ ಬಂಡಿಯ ಖರ್ಚು

ಕಳೆದ ಶ್ರಾವಣದಲ್ಲಿ ಪೀಣ್ಯದ ಪರಿಚಿತ ಕುಟುಂಬವೊಂದರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆ. ಯಜಮಾನರು ಪೀಣ್ಯದ ಎರಡನೆಯ ಹಂತದಲ್ಲಿ ಮೂವತ್ತು ವರ್ಷಗಳಿಂದ ಲೇತ್ ಕಾರ್ಖಾನೆ ನಡೆಸುತ್ತಿರುವವರು. ಮಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಉದ್ಯೋಗಿ. ಅಲ್ಲಿಯೇ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ್ದಾನೆ. ಅವನಿಗೆ ಕ್ಯಾರವಾನ್ ಕೊಳ್ಳುವ ಹಂಬಲ. ಸಿನಿಮಾ ಚಿತ್ರೀಕರಣದ ಸ್ಥಳದಲ್ಲಿ ನಟರಿಗಾಗಿ ನಿಂತಿರುತ್ತದಲ್ಲ, ಅಂಥ ಮನೆಗಾಡಿ. ಮಲಗಲು ಮಂಚ, ಒಲೆ, ತಂಗಳು ಪೆಟ್ಟಿಗೆ, ಶೌಚಾಲಯ ಎಲ್ಲವೂ ಅದರೊಳಗೇ.

ಹಂಬಲಕ್ಕೆ ಕಾರಣವಿತ್ತು. ಮನೆಯ ಅಜ್ಜಿಗೆ ಎಂಬತ್ತಮೂರು. ಕೂಡಲಸಂಗಮವನ್ನೂ ಬಸವಕಲ್ಯಾಣವನ್ನೂ ಇನ್ನೊಮ್ಮೆ ಕಾಣಬೇಕೆಂಬುದು ಅವರ ಆಸೆ. ಮಂಡಿ ಬಗ್ಗುವುದಿಲ್ಲ, ದಾರಿಯ ಹೋಟೆಲುಗಳ ಶೌಚಾಲಯಗಳಲ್ಲಿ ಕುಳಿತೇಳಲಾಗದೆಂದು ನಾಲ್ಕು ವರ್ಷಗಳಿಂದ ಊರು ಬಿಟ್ಟು ಹೊರಟಿಲ್ಲ. ಮೊಮ್ಮಗ ಬ್ಯಾಂಕಿನ ಸಾಲವನ್ನೂ ವಿಚಾರಿಸಿದ್ದ. ಆದರೆ ಮುಂಗಡಕ್ಕೆ ಬೇಕಾದ ಹಣವನ್ನು ತಂದೆ ಕಂಪ್ಯೂಟರ್ ನಿಯಂತ್ರಿತ ಲೇತ್ ಕೊಳ್ಳಲೆಂದು ಕೂಡಿಟ್ಟಿದ್ದರು. ತಂದೆಯೂ ಮಗನೂ ಎರಡು ವಾರಗಳಿಂದ ಸರಿಯಾಗಿ ಮಾತನಾಡಿರಲಿಲ್ಲ. “ಗುರುಗಳೇ, ನೀವೇ ಹೇಳಿ” ಎಂದು ಇಬ್ಬರೂ ನನ್ನತ್ತ ತಿರುಗಿದರು.

ನನಗೆ ನೆನಪಾದದ್ದು ನಮ್ಮೂರಿನ ಕಮಾನು ಬಂಡಿ. ಶಿವರಾತ್ರಿಯ ವೇಳೆಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಟರೆ ಬಿದಿರ ಚಾಪೆಯ ಕಮಾನು, ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ, ಗಾಡಿಯ ಅಡಿಗೆ ತೂಗುವ ಲಾಟೀನು. ನಿಂತಲ್ಲಿ ಮೂರು ಕಲ್ಲಿಟ್ಟರೆ ಅಡುಗೆ. ಅದೂ ಮನೆಗಾಡಿಯೇ. ಜಾತ್ರೆ ಮುಗಿದ ಮರುದಿನವೂ ಎತ್ತು ಮೇವು ತಿನ್ನುತ್ತಿತ್ತು, ನಿಜ. ಆದರೆ ಅದೇ ಎತ್ತು ಹೊಲ ಉಳುತ್ತಿತ್ತು, ತಿಪ್ಪೆಗೆ ಗೊಬ್ಬರ ಕೊಡುತ್ತಿತ್ತು. ಅದೇ ಗಾಡಿ ರಾಗಿಯ ಹೊರೆ ಹೇರುತ್ತಿತ್ತು. ಇಂದಿನ ಮನೆಗಾಡಿ ಯಾತ್ರೆಯ ಹೊರತು ಬೇರೇನನ್ನೂ ಮಾಡದು. ಮೇವನ್ನು ಮಾತ್ರ ವರ್ಷವಿಡೀ ತಿನ್ನುತ್ತದೆ.

ಮಗ ಬರೆದಿಟ್ಟ ಲೆಕ್ಕದಲ್ಲಿ ಡೀಸೆಲ್ಲೇ ಮುಖ್ಯವಾಗಿತ್ತು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದಾಗ ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು 91 ರೂಪಾಯಿ ಆಗಿತ್ತು. ಲೀಟರಿಗೆ ಹತ್ತು ಕಿಲೋಮೀಟರ್ ಎಂದರೆ ಕೂಡಲಸಂಗಮಕ್ಕೆ ಹೋಗಿ ಬರುವ ಸುಮಾರು 900 ಕಿಲೋಮೀಟರಿಗೆ ಎಂಟು ಸಾವಿರದ ಚಿಲ್ಲರೆ. “ಇಷ್ಟೇ ಅಲ್ಲವೇ?” ಎಂಬುದು ಅವನ ವಾದ.

ತಂದೆ ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ಆದರೆ ಪೀಣ್ಯದ ಸಣ್ಣ ಕಾರ್ಖಾನೆಯವರಿಗೆ ಯಂತ್ರದ ಗಂಟೆಯ ದರ ಕಟ್ಟುವ ವಿದ್ಯೆ ಕರತಲಾಮಲಕ. ಯಂತ್ರದ ಸವಕಳಿ, ಬಡ್ಡಿ, ಜಾಗದ ಬಾಡಿಗೆ, ದುರಸ್ತಿ ಎಲ್ಲವನ್ನೂ ಕೂಡಿಸಿ, ಅದು ದುಡಿದ ಗಂಟೆಗಳಿಂದ ಭಾಗಿಸುತ್ತಾರೆ. ನಿಂತ ಗಂಟೆಗಳ ವೆಚ್ಚವನ್ನೂ ದುಡಿದ ಗಂಟೆಗಳೇ ಹೊರಬೇಕು. ಅವರು ಅದೇ ಸೂತ್ರವನ್ನು ಕ್ಯಾರವಾನಿಗೆ ಹಚ್ಚಿದರು.

ಬೆಲೆ 25 ಲಕ್ಷವೆಂದು ಹಿಡಿಯೋಣ. ವಾಹನದ ಮೌಲ್ಯಕ್ಕೆ ವಿಮೆಯವರದೇ ಒಂದು ಪಟ್ಟಿಯಿದೆ. ಆರು ತಿಂಗಳು ದಾಟಿದರೆ ಶೇಕಡಾ 15 ಕಡಿತ, ಎರಡು ವರ್ಷ ದಾಟಿದರೆ 30, ನಾಲ್ಕು ದಾಟಿ ಐದನೆಯದಕ್ಕೆ 50. ಎಂದರೆ ಐದು ವರ್ಷಗಳಲ್ಲಿ ಹನ್ನೆರಡೂವರೆ ಲಕ್ಷ ಕರಗುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷ. ವಿಮೆಯ ಕಂತು ಐವತ್ತು ಸಾವಿರವೆಂದಿಟ್ಟುಕೊಳ್ಳಿ. ಟಯರು, ಬ್ಯಾಟರಿ, ಸರ್ವೀಸುಗಳಿಗೆ ಮೂವತ್ತು ಸಾವಿರ. ಓಡದಿದ್ದರೂ ಟಯರಿನ ರಬ್ಬರು ಬಿರಿಯುತ್ತದೆ, ಬ್ಯಾಟರಿ ಇಳಿಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ವೈರುಗಳನ್ನು ಇಲಿಗಳು ಬಿಡುವುದಿಲ್ಲ.

ಇನ್ನು ನಿಲ್ಲಿಸುವ ಜಾಗ. ಈ ಮಾತು ಬಂದಾಗ ಮಗನ ಮುಖ ಬಾಡಿತು. ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಾಗಿಲಲ್ಲಿ ಏಳಡಿ ಎತ್ತರಕ್ಕೆ ಕಬ್ಬಿಣದ ಅಡ್ಡಪಟ್ಟಿಯಿದೆ. ಈ ಗಾಡಿ ಎಂಟಡಿಗೂ ಮಿಕ್ಕಿದ್ದು. ವೈಟ್‌ಫೀಲ್ಡಿನಲ್ಲಿರುವ ಅವನ ಭಾವಮೈದುನನ ಕಟ್ಟಡದಲ್ಲಿಯೂ ಅದೇ ಕಥೆ. ಕಾರ್ಖಾನೆಯ ಅಂಗಳದಲ್ಲಿ ಕಬ್ಬಿಣದ ಸರಳುಗಳ ಲಾರಿ ತಿರುಗಲೇ ಸ್ಥಳ ಸಾಲದು. ನೆಲಮಂಗಲದ ಕಡೆ ಬೇಲಿ ಹಾಕಿದ ಖಾಲಿ ನಿವೇಶನವನ್ನು ಹಿಡಿದರೆ ತಿಂಗಳಿಗೆ ಮೂರು ಸಾವಿರವಾದರೂ ಬೇಕು. ವರ್ಷಕ್ಕೆ ಮೂವತ್ತಾರು ಸಾವಿರ.

ಒಟ್ಟು ಮೂರು ಲಕ್ಷ ಅರವತ್ತಾರು ಸಾವಿರ. ಮಗ ಹೇಳಿದಂತೆ ವರ್ಷಕ್ಕೆ ನಾಲ್ಕು ಯಾತ್ರೆ, ಯಾತ್ರೆಗೆ ಐದು ರಾತ್ರಿ. ಒಂದು ರಾತ್ರಿಗೆ 18,300 ರೂಪಾಯಿ ಬಿತ್ತು. ಇದರಲ್ಲಿ ಡೀಸೆಲ್ ಇಲ್ಲ, ಟೋಲ್ ಇಲ್ಲ, ಸಾಲದ ಬಡ್ಡಿಯಿಲ್ಲ. ಆಜೀವ ತೆರಿಗೆಯೂ ಇಲ್ಲ. ರಾಜ್ಯದಲ್ಲಿ 20 ಲಕ್ಷ ಮೀರಿದ ಖಾಸಗಿ ಕಾರಿಗೆ ಅದು ಶೇಕಡಾ 18, ಜೊತೆಗೆ ಸೆಸ್; ಮನೆಗಾಡಿಯನ್ನು ಯಾವ ವರ್ಗಕ್ಕೆ ಸೇರಿಸುತ್ತಾರೆಂಬುದನ್ನು ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಬೇಕು.

“ನೂರು ರಾತ್ರಿ ಬಳಸಿದರೆ ಮೂರು ಸಾವಿರದ ಆರುನೂರ ಅರವತ್ತೇ ಆಗುತ್ತದಲ್ಲ ಅಪ್ಪಾಜಿ” ಎಂದ ಮಗ. “ವರ್ಷಕ್ಕೆ ನೂರು ದಿನ ರಜೆ ಕೊಡುವ ಕಂಪನಿ ಯಾವುದ್ರೀ?” ಎಂದು ಸೊಸೆ ಒಳಗಿನಿಂದಲೇ ಕೇಳಿದಳು.

ಆಗ ಅವನು ಇನ್ನೊಂದು ದಾರಿ ಹುಡುಕಿದ. ಹಳೆಯ ಟೆಂಪೋ ಟ್ರಾವೆಲರ್ ತಂದು ಪೀಣ್ಯದಲ್ಲಿಯೇ ಮಂಚ, ಒಲೆ ಕೂಡಿಸಿಕೊಂಡರೆ ಹೇಗೆ? ಪೀಣ್ಯದಲ್ಲಿ ಆಗದ ಕಬ್ಬಿಣದ ಕೆಲಸವಿಲ್ಲವೆಂಬುದು ಸತ್ಯ. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆಯಾದರೂ, ನೋಂದಣಿ ಪತ್ರದಲ್ಲಿ ಹಾಗೆಂದು ನಮೂದಾಗಿರಬೇಕು. ಇಲ್ಲವಾದರೆ ಅಪಘಾತದ ದಿನ ವಿಮೆಯ ಪರಿಹಾರಕ್ಕೆ ತೊಡಕು ಬರುತ್ತದೆ. ಆ ವೆಚ್ಚವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸದು.

ನಾನು ಹೇಳಿದ್ದು ಇಷ್ಟೇ: ಅಜ್ಜಿಗೆ ಬೇಕಾದದ್ದು ಗಾಡಿಯಲ್ಲ, ಯಾತ್ರೆ. ಬೆಂಗಳೂರಿನಲ್ಲಿ ಕ್ಯಾರವಾನುಗಳು ಬಾಡಿಗೆಗೂ ದೊರೆಯುತ್ತವೆ. ದಿನಕ್ಕೆ ಹತ್ತು ಸಾವಿರ ಕೇಳಿದರೂ ಕೊಟ್ಟುಬಿಡಿ; ಹಿಂದಿರುಗಿದ ಮೇಲೆ ಅದು ಮೇವು ಕೇಳುವುದಿಲ್ಲ. ಮಗನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಾಡಿಗೆಯ ಗಾಡಿ ತನ್ನದೆನಿಸದು ಎಂದ. ಆ ಮಾತನ್ನು ನಾನು ಅಲ್ಲಗಳೆಯಲಿಲ್ಲ. ನಮ್ಮ ತಂದೆಯವರೂ ಆ ಕಮಾನು ಬಂಡಿಯನ್ನು ಮಾರಿದ ದಿನ ಊಟ ಮಾಡಿರಲಿಲ್ಲ.

ಕಾರ್ತಿಕದಲ್ಲಿ ಬಾಡಿಗೆಯ ಗಾಡಿಯಲ್ಲಿಯೇ ಹೊರಟರು. ಐಕ್ಯಮಂಟಪದ ಮೆಟ್ಟಿಲುಗಳನ್ನು ಇಳಿಯಲು ಅಜ್ಜಿಗೆ ಆಗಲಿಲ್ಲ. ಮೇಲಿನಿಂದಲೇ ಕೈಮುಗಿದು, ಕೃಷ್ಣೆ ಮಲಪ್ರಭೆಯರ ನೀರನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದರಂತೆ. ಮೊಮ್ಮಗ ಹೊರಡೋಣವೆಂದಾಗ, “ಈ ಗಾಡಿಯ ಬಾಡಿಗೆ ಯಾವಾಗಿನವರೆಗೆ ಕೊಟ್ಟಿದ್ದೀಯಪ್ಪ?” ಎಂದು ಕೇಳಿದರು. ನಾಳೆ ರಾತ್ರಿಯವರೆಗೆ ಎಂದನಂತೆ. “ಹಾಗಾದರೆ ಇನ್ನೂ ಒಂದು ಗಳಿಗೆ ಕೂತಿರ್ತೀನಿ” ಎಂದರಂತೆ ಅಜ್ಜಿ.