ಕಾಲೇಜಿನ ಆಟಗಾರ

ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಮೂರ್ತಿಗಳ ಜೊತೆಯಲ್ಲಿ ಬ್ರೆಜಿಲ್ಲಿನ ಪೆಲೆಯ ಮೂರ್ತಿಯೂ ನಿಂತಿದೆ. ಮೊದಲ ಸಲ ನೋಡಿದವರು ಇದೆಂಥ ವಿಚಿತ್ರ ಕೂಟವೆಂದು ನಗುವುದುಂಟು. ಆ ಬೀದಿಗಳಲ್ಲಿ ಬೆಳೆದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾನು ಕನ್ನಡ ಪಾಠ ಹೇಳುವ ಕಾಲೇಜು ದಂಡುಪ್ರದೇಶದಲ್ಲಿದೆ. ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನುಗಳಿಂದ ಪ್ರತಿ ವರ್ಷವೂ ನಾಲ್ಕಾರು ಹುಡುಗರು ಆಟದ ಬಲದಿಂದ ನಮ್ಮಲ್ಲಿಗೆ ಬರುತ್ತಾರೆ. ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುವವರು. ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು, ರನ್ನನ ಭೀಮ ದುರ್ಯೋಧನರು ಗದೆ ಹಿಡಿದು ಎದುರು ನಿಂತಾಗ ಮಾತ್ರ ತಟ್ಟನೆ ತಲೆಯೆತ್ತುವವರು.

ಹೋದ ವರ್ಷ ಅಂಥವನೊಬ್ಬನಿಗಾಗಿ ನಾನೊಂದು ಕಾಗದಕ್ಕೆ ಸಹಿ ಹಾಕಿದೆ. ವಿಶ್ವವಿದ್ಯಾನಿಲಯದ ತಂಡ ಹೊರ ಊರಿನ ಪಂದ್ಯಗಳಿಗೆ ಹೊರಡುವ ಮುನ್ನ ಪ್ರತಿಯೊಬ್ಬ ಆಟಗಾರನಿಗೂ ಅರ್ಹತಾ ಪತ್ರ ಬೇಕು. ಅದರಲ್ಲಿ 'ಬೋನಫೈಡ್' ಎಂಬ ಲ್ಯಾಟಿನ್ ಮಾತೊಂದಿದೆ. 'ಒಳ್ಳೆಯ ನಂಬಿಕೆಯಿಂದ' ಎಂಬುದು ಅದರ ಮೂಲಾರ್ಥ. ನಮ್ಮ ಕಚೇರಿಯ ಕನ್ನಡದಲ್ಲಿ ಅದು 'ನೈಜ ವಿದ್ಯಾರ್ಥಿ' ಎಂದಾಗಿದೆ. ಹಾಜರಿಯ ವಿವರಕ್ಕೆ ತರಗತಿಯ ಅಧ್ಯಾಪಕನ ರುಜು ಬೇಕಾಗಿತ್ತು. ಆ ಅವಧಿಯಲ್ಲಿ ಹುಡುಗ ನನ್ನೆದುರು ಕುಳಿತದ್ದು ಹನ್ನೊಂದು ದಿನ. ಉಳಿದದ್ದೆಲ್ಲ ಅಭ್ಯಾಸ, ಆಯ್ಕೆ, ಪಂದ್ಯ, ಪ್ರಯಾಣ. ಆಡಿದ ದಿನಗಳನ್ನು ಹಾಜರಿಗೆ ಸೇರಿಸಿಕೊಡುವ ಪದ್ಧತಿ ನಮ್ಮಲ್ಲಿದೆ. ಸೇರಿಸಿದೆ, ಲೆಕ್ಕ ಶೇಕಡಾ 75ನ್ನು ಮುಟ್ಟಿತು, ರುಜು ಮಾಡಿದೆ. ಸುಳ್ಳು ಬರೆದೆನೆಂದು ಯಾರೂ ನನ್ನನ್ನು ಹಿಡಿಯಲಾರರು. ಆದರೂ ಆ ಮಧ್ಯಾಹ್ನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಆಮೇಲೆ ಕುತೂಹಲದಿಂದ ನಿಯಮಗಳನ್ನೇ ತರಿಸಿ ಓದಿದೆ. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿಯಾಗಿ ಹುಟ್ಟಿ, 1973ರಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಹೆಸರು ಬದಲಿಸಿಕೊಂಡ ಸಂಸ್ಥೆ ಇವುಗಳನ್ನು ರೂಪಿಸುತ್ತದೆ. ಆಟಗಾರ ಪೂರ್ಣಾವಧಿಯ ವಿದ್ಯಾರ್ಥಿಯಾಗಿರಬೇಕು. ಅವನು ಸೇರಿದ ವ್ಯಾಸಂಗ ಒಂದು ವರ್ಷಕ್ಕೆ ಕಡಮೆಯದಾಗಿರಬಾರದು. ವಯಸ್ಸು 17ನ್ನು ದಾಟಿ 25ರ ಒಳಗಿರಬೇಕು. ಪದವಿ ತರಗತಿಗೆ ಪ್ರವೇಶ ಕೊಡಿಸಿದ ಪರೀಕ್ಷೆಯನ್ನು, ಎಂದರೆ ನಮ್ಮಲ್ಲಿ ಪಿಯುಸಿಯನ್ನು, ಮುಗಿಸಿ ಎಂಟು ವರ್ಷ ಮೀರಿರಬಾರದು. ತಾತ್ಕಾಲಿಕ ಪ್ರವೇಶ ಸಾಲದು. ಒಂದೇ ವರ್ಷದಲ್ಲಿ ಎರಡು ವಿಶ್ವವಿದ್ಯಾನಿಲಯಗಳ ಪರವಾಗಿ ಆಡುವಂತಿಲ್ಲ. ಪೂರ್ಣಾವಧಿ ನೌಕರಿಯಲ್ಲಿರುವವನೂ ಆಡುವಂತಿಲ್ಲ.

ಒಂದೊಂದಾಗಿ ನೋಡಿದರೆ ಇವೆಲ್ಲ ವಿವೇಕದ ನಿಯಮಗಳೇ. ಗಡ್ಡ ನರೆತವನೊಬ್ಬ ಹದಿನೆಂಟರ ಹುಡುಗರ ನಡುವೆ ಓಡಬಾರದು. ಪಂದ್ಯದ ವಾರದಲ್ಲಿ ಹೆಸರು ಬರೆಸಿ ಮರುವಾರ ಮಾಯವಾಗುವವನನ್ನು ವಿದ್ಯಾರ್ಥಿಯೆನ್ನಲಾಗದು. ಆದರೆ ಎರಡನೆಯ ಸಲ ಓದಿದಾಗ ಬೇರೊಂದು ಸಂಗತಿ ಹೊಳೆಯಿತು. ಇವೆಲ್ಲವೂ ಹುಡುಗ ಏನಾಗಿರಬಾರದು ಎಂಬುದನ್ನು ಹೇಳುತ್ತವೆ. ಅವನನ್ನು ಮೈದಾನದಿಂದ ಕರೆತಂದ ಕಾಲೇಜು ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಪಂದ್ಯದ ಗೌರವಕ್ಕೆ ಕಾವಲಿದೆ. ಪಂದ್ಯವನ್ನು ಆಡುವವನಿಗೆ ಇಲ್ಲ.

ಆಟವಾಡುವ ವಿದ್ಯಾರ್ಥಿಯನ್ನು ಈಗ ನಮ್ಮ ಪತ್ರಿಕೆಗಳೂ ಕಾಲೇಜುಗಳ ಜಾಹೀರಾತುಗಳೂ 'ವಿದ್ಯಾರ್ಥಿ-ಕ್ರೀಡಾಪಟು' ಎಂದು ಕರೆಯತೊಡಗಿವೆ. ಭಾಷೆಯ ಮೇಷ್ಟರಿಗೆ ಶಬ್ದಗಳ ಕುಲ ಗೋತ್ರ ವಿಚಾರಿಸುವುದು ಚಟ, ವಿಚಾರಿಸಿದೆ. ಮೂಲ ಅಮೆರಿಕದ್ದು. 1955ರಲ್ಲಿ ಕೊಲೊರಾಡೊದ ಕಾಲೇಜೊಂದರ ಪರವಾಗಿ ಅಲ್ಲಿನ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ಎಂಬವನು ತಲೆಗೆ ಪೆಟ್ಟಾಗಿ ಸತ್ತ. ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಅವನ ವಿಧವೆ ಕೇಳಿದಳು. ಕಾಲೇಜು ಆಟಗಳ ರಾಷ್ಟ್ರೀಯ ಸಂಘದ ಮುಖ್ಯಾಧಿಕಾರಿಯಾಗಿದ್ದವನು ವಾಲ್ಟರ್ ಬೈಯರ್ಸ್. ಇಂಥ ಬೇಡಿಕೆಗಳಿಂದ ಕಾಲೇಜುಗಳನ್ನು ಕಾಪಾಡಲು ತಾವು ಆ ಜೋಡುಪದವನ್ನು ಕಟ್ಟಿ, ಎಲ್ಲ ನಿಯಮಗಳಲ್ಲೂ ಅದನ್ನೇ ಬಳಸಿದೆವೆಂದು ಅವನೇ 1995ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. 1957ರಲ್ಲಿ ಕೊಲೊರಾಡೊದ ಉಚ್ಚತಮ ನ್ಯಾಯಾಲಯ ಆ ಹೆಂಗಸಿಗೆ ಪರಿಹಾರವಿಲ್ಲವೆಂದಿತು. ನಾವು ಗೌರವಸೂಚಕವೆಂದು ಎತ್ತಿಕೊಂಡ ಮಾತಿನ ಹುಟ್ಟು ಇದು.

ನಮ್ಮ ದಂಡಿನ ಹುಡುಗರಿಗೆ ಆಟವೇ ಅನ್ನದ ದಾರಿಯಾದದ್ದು ಹೊಸತಲ್ಲ. 1937ರಲ್ಲಿಯೂ 1938ರಲ್ಲಿಯೂ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಒಂದೇ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನರನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕರೆದುಕೊಂಡಿತು. 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದ ಅರುಮೈನಾಯಗಂ ಇಲ್ಲಿಂದ ಮೋಹನ್ ಬಾಗಾನಿಗೆ ಹೋದರು. ಕಲ್ಕತ್ತೆಗೆ ಹೋಗಲಾರದವರಿಗೆ ಊರಿನಲ್ಲಿಯೇ ಆಶ್ರಯವಿತ್ತು. 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಬಳಿ ಹುಟ್ಟಿದ ಐ.ಟಿ.ಐ., ಹಲಸೂರಿನ ಮದ್ರಾಸ್ ಸ್ಯಾಪರ್ಸ್ ದಳ, ಇವೆಲ್ಲ ತಂಡ ಕಟ್ಟಿ, ಆಟಗಾರರಿಗೆ ಕೆಲಸ ಕೊಟ್ಟವು. ನಮ್ಮ ಮೈದಾನಗಳ ಮುದುಕರು ಈಗಲೂ ಒಬ್ಬ ಒಳ್ಳೆಯ ಆಟಗಾರನನ್ನು ಹೊಗಳುವಾಗ 'ಅವನು ಎಚ್.ಎ.ಎಲ್. ಆಟಗಾರ' ಎನ್ನುತ್ತಾರೆ; ಗೋಲಿನ ಲೆಕ್ಕ ಆಮೇಲೆ ಬರುತ್ತದೆ.

ಆ ಏರ್ಪಾಡಿನಲ್ಲಿ ಓರೆಕೋರೆಗಳಿದ್ದಿರಬೇಕು. ಆದರೆ ಕಾರ್ಖಾನೆ ಆಟಗಾರನ ಕೈಗೆ ಕೊಟ್ಟದ್ದು ನೇಮಕದ ಆದೇಶ. ಅದರ ಮೇಲೆ ಮೊಹರಿತ್ತು, ಸಂಬಳದ ಅಂಕಿಯಿತ್ತು. ಮೊಣಕಾಲು ಕೆಟ್ಟವನು ತಂಡದಿಂದ ಹೊರಬೀಳುತ್ತಿದ್ದ. ಹಾಜರಿ ಪುಸ್ತಕದಿಂದ ಹೊರಬೀಳುತ್ತಿರಲಿಲ್ಲ. ಆಟ ಮುಗಿದ ಮೇಲೆ ಯಂತ್ರದ ಮುಂದೆಯೋ ಉಗ್ರಾಣದಲ್ಲಿಯೋ ನಿಂತು ನಿವೃತ್ತಿಯವರೆಗೆ ದುಡಿದು ಮಕ್ಕಳನ್ನು ಓದಿಸಿದವರನ್ನು ನಾನೇ ಬಲ್ಲೆ.

ಸಾರ್ವಜನಿಕ ಉದ್ಯಮಗಳಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಂಡಿದೆ. ಬದಲಿಗೆ ತೆರೆದಿರುವುದು ಕಾಲೇಜಿನ ಬಾಗಿಲು. ಅದು ಹಿಂದಿಗಿಂತ ಅಗಲವಾಗಿದೆಯೆಂಬುದನ್ನೂ ಹೇಳಬೇಕು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯ 2017ರಲ್ಲಿ ಮೂರಾಯಿತು, ಕೆ.ಆರ್. ಪುರದ ಕಡೆಯ ಕಾಲೇಜುಗಳು ಕೋಲಾರದ ಬಳಿ ನೆಲೆಯಾದ ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಸೇಂಟ್ ಜೋಸೆಫ್ ಕಾಲೇಜು 2022ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಯಿತು. ಒಂದು ತಂಡವಿದ್ದಲ್ಲಿ ನಾಲ್ಕಾರು ತಂಡಗಳಾದವು, ಹುಡುಗರಿಗೆ ಸ್ಥಾನಗಳೂ ಹೆಚ್ಚಿದವು. ಅದೇ 2022ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡೆಗಳು ಬೆಂಗಳೂರಿನಲ್ಲಿ ನಡೆದು, ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾನಿಲಯ 20 ಚಿನ್ನದ ಪದಕಗಳೊಡನೆ ಮೊದಲ ಸ್ಥಾನ ಪಡೆಯಿತು. ಊರಿಗೆ ಅದು ಹೆಮ್ಮೆಯ ಮಾತು. ಪದಕಗಳ ಪಟ್ಟಿ ಕಾಲೇಜಿನ ಹೆಸರನ್ನು ಬೆಳಗಿಸುತ್ತದೆಂಬುದು ಅಂದಿನಿಂದ ಸಣ್ಣಪುಟ್ಟ ಆಡಳಿತ ಮಂಡಳಿಗಳಿಗೂ ಮನದಟ್ಟಾಗಿದೆ. ಹಲಸೂರಿನ ಆರ್.ಬಿ.ಎ.ಎನ್.ಎಂ.ಎಸ್. ಮೈದಾನದಲ್ಲಿ ಶಾಲಾ ಹುಡುಗರ ಪಂದ್ಯ ನಡೆಯುವಾಗ ಗೆರೆಯಾಚೆ ನಿಂತು ನೋಡುವವರಲ್ಲಿ ಈಗ ತಂದೆತಾಯಿಗಳ ಜೊತೆಗೆ ಕಾಲೇಜುಗಳ ಪಿ.ಡಿ.ಗಳೂ ಇರುತ್ತಾರೆ.

ಅಲ್ಲಿ ಏನು ಮಾತಾಗುತ್ತದೆ? ನಾನು ರುಜು ಹಾಕಿಕೊಟ್ಟ ಹುಡುಗನನ್ನೇ ಕೇಳಿದೆ. 'ಬಾಯಲ್ಲೇ ಹೇಳಿದ್ರು ಸಾರ್. ಫೀಸ್ ಇಲ್ಲ, ಬೂಟು ಕೊಡ್ತೀವಿ, ಮೂರು ವರ್ಷ ನಮ್ಮ ಜವಾಬ್ದಾರಿ ಅಂದ್ರು. ನಮ್ಮಪ್ಪ ಕೈ ಮುಗಿದ್ರು.' ಅಷ್ಟೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಆ ಮಾತನ್ನು ಆಡಿದವರು ಮೋಸಗಾರರಲ್ಲವೆಂದು ನಾನು ಬಲ್ಲೆ. ಆಡಿದ ದಿನ ಅವರ ಮನಸ್ಸಿನಲ್ಲಿ ಅದು ನಿಜವೇ ಆಗಿತ್ತು.

ಮೊದಲ ವರ್ಷ ಮಾತು ನಡೆಯಿತು. ಎರಡನೆಯ ವರ್ಷ, ನನ್ನ ರುಜು ಬಿದ್ದ ಪತ್ರವನ್ನು ಹಿಡಿದು ಹೋದ ಪಂದ್ಯದಲ್ಲಿ ಹುಡುಗನ ಮೊಣಕಾಲಿನ ಲಿಗಮೆಂಟು ಹರಿಯಿತು. ಶಸ್ತ್ರಚಿಕಿತ್ಸೆಗೆ ತಂದೆ ಸಾಲ ಮಾಡಿದರು. ಈ ವರ್ಷ ಆಟಗಾರರ ಶುಲ್ಕ ವಿನಾಯಿತಿಯ ಪಟ್ಟಿ ಸಿದ್ಧವಾದಾಗ, ತಂಡದಲ್ಲಿಲ್ಲದವನ ಹೆಸರು ಪಟ್ಟಿಯಲ್ಲಿಯೂ ಇರಲಿಲ್ಲ. ಕಚೇರಿಯವರು ಶುಲ್ಕ ಕೇಳಿದರು. ಕೇಳಿದ್ದು ತಪ್ಪೆನ್ನಲು ಅವರ ಮುಂದೆ ಯಾವ ದಾಖಲೆಯೂ ಇರಲಿಲ್ಲ. ಹುಡುಗ ಎರಡು ವಾರ ಬಂದ, ಆಮೇಲೆ ಬರಲಿಲ್ಲ. ಈಗ ಇಂದಿರಾನಗರದಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಿದ್ದಾನೆ. ಅವನಿಗೆ ಇಪ್ಪತ್ತೊಂದು, ನಿಯಮದ ವಯಸ್ಸಿನ ಲೆಕ್ಕದಲ್ಲಿ ಇನ್ನೂ ನಾಲ್ಕು ವರ್ಷ ಉಳಿದಿದೆ.

ಇದನ್ನು ನಮ್ಮ ಪಿ.ಡಿ.ಯವರೊಡನೆ ಮಾತನಾಡಿದೆ. ಅವರು ಸ್ವತಃ ಒಳ್ಳೆಯ ಆಟಗಾರರಾಗಿದ್ದವರು, ಹುಡುಗರಿಗಾಗಿ ಕೈಯಿಂದ ಖರ್ಚು ಮಾಡುವವರು. 'ಬರೆದುಕೊಟ್ಟರೆ ಮಾರನೆಯ ದಿನದಿಂದ ಅಭ್ಯಾಸಕ್ಕೆ ಬರುವುದಿಲ್ಲ, ಮೇಷ್ಟ್ರೆ. ಮೂರು ವರ್ಷ ಗಟ್ಟಿಯಾಯಿತಲ್ಲ ಎಂದು ಮಲಗುತ್ತಾರೆ' ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಥ ಹುಡುಗರೂ ಉಂಟು. ಆದರೆ ಸೋಮಾರಿತನಕ್ಕೂ ಮುರಿದ ಮೊಣಕಾಲಿಗೂ ಒಂದೇ ಶಿಕ್ಷೆಯಾಗುವ ಪದ್ಧತಿಯನ್ನು ಆ ಭಯ ಸಮರ್ಥಿಸಲಾರದು.

ಅಮೆರಿಕದ ಉದಾಹರಣೆ ಇಲ್ಲಿ ಬೇರೆ ಬಗೆಯಿಂದ ಉಪಯುಕ್ತ. ಅಲ್ಲಿ 2021ರ ಜುಲೈನಿಂದ ಕಾಲೇಜಿನ ಆಟಗಾರ ತನ್ನ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾನಿಲಯವೊಂದು ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರುಗಳವರೆಗೆ ನೇರವಾಗಿ ಹಂಚಬಹುದಾಗಿದೆ. ಟೆಲಿವಿಷನ್ನಿನ ಹಣ ಹೊಳೆಯಾಗಿ ಹರಿಯುವ ಊರಿನ ಮಾತು ಅದು. ಪ್ರೇಕ್ಷಕರ ಬೆಂಚಿನಲ್ಲಿ ಇಬ್ಬರು ಚಿಕ್ಕಪ್ಪಂದಿರೂ ಒಂದು ನಾಯಿಯೂ ಕಾಣುವ ನಮ್ಮ ಅಂತರಕಾಲೇಜು ಪಂದ್ಯಗಳಿಗೆ ಅದನ್ನು ಹೋಲಿಸುವುದು ವ್ಯರ್ಥ. ನನಗೆ ಮುಖ್ಯವಾಗಿ ಕಂಡದ್ದು ಇವೆಲ್ಲಕ್ಕೂ ಮೊದಲಿನ, ಹೆಚ್ಚು ಸದ್ದುಮಾಡದ ಒಂದು ತೀರ್ಮಾನ. 2015ರ ಜನವರಿಯಲ್ಲಿ ಅಲ್ಲಿನ ಐದು ದೊಡ್ಡ ಕೂಟಗಳ ವಿಶ್ವವಿದ್ಯಾನಿಲಯಗಳು, ಆಟದ ಕಾರಣಕ್ಕಾಗಿ ವಿದ್ಯಾರ್ಥಿವೇತನವನ್ನು ಕಿತ್ತುಕೊಳ್ಳಬಾರದೆಂದು ನಿಯಮ ಮಾಡಿಕೊಂಡವು. ಪೆಟ್ಟಾಯಿತು, ಆಟ ಕುಂದಿತು, ಹೊಸ ತರಬೇತುದಾರನಿಗೆ ಹಿಡಿಸಲಿಲ್ಲ, ಇವು ಯಾವುವೂ ಓದನ್ನು ನಿಲ್ಲಿಸಲು ಕಾರಣಗಳಾಗಬಾರದು. ಇದಕ್ಕೆ ಕೋಟಿ ಡಾಲರು ಬೇಕಾಗಿಲ್ಲ. ಒಬ್ಬ ಹುಡುಗನ ಎರಡು ವರ್ಷದ ಶುಲ್ಕ ಸಾಕು.

ನಮ್ಮಲ್ಲಿಯೂ ಬರೆದುಕೊಡುವ ಪದ್ಧತಿ ಇಲ್ಲವೆಂದಲ್ಲ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಗಳ ನೆರವೆಂದೂ, ಅದರಲ್ಲಿ 1.20 ಲಕ್ಷ ಕೈಖರ್ಚಿಗೆಂದೂ ಸರ್ಕಾರ ಗೊತ್ತುಮಾಡಿದೆ. ಆದರೆ ಅದು ಮೇಲಿನ ಮೆಟ್ಟಿಲನ್ನು ಮುಟ್ಟಿದವರಿಗೆ. ಅಂತರಕಾಲೇಜು ತಂಡದ ಎಡಬದಿಯಲ್ಲಿ ರಕ್ಷಣೆಗೆ ನಿಲ್ಲುವ ಗೌತಮಪುರದ ಹುಡುಗನ ಕಡೆಗೆ ಅದರ ದೃಷ್ಟಿ ಬೀಳುವುದಿಲ್ಲ. ಅವನಿಗೆ ಇರುವುದು ಕಾಲೇಜು ಕೊಟ್ಟ ಮಾತೊಂದೇ. ವಿಶ್ವವಿದ್ಯಾನಿಲಯಗಳ ಸಂಘ ಅರ್ಹತಾ ಪತ್ರವನ್ನು ಕೇಳುವಾಗಲೇ, ಈ ವಿದ್ಯಾರ್ಥಿಗೆ ಕಾಲೇಜು ಏನನ್ನು ಬರೆದುಕೊಟ್ಟಿದೆ ಎಂಬುದರ ಒಂದು ಪ್ರತಿಯನ್ನೂ ಕೇಳಿದರೆ, ಅರ್ಧ ಕೆಲಸ ಮುಗಿದಂತೆ. ಪತ್ರವಿಲ್ಲದ ಹುಡುಗನನ್ನು ತಂಡದಿಂದ ಬಿಡಬೇಕೆಂದು ನಾನು ಹೇಳುತ್ತಿಲ್ಲ. ದಂಡ ಬೀಳಬೇಕಾದದ್ದು ಪತ್ರ ಕೊಡದ ಕಾಲೇಜಿಗೆ.

ಹೇಳುವುದರ ಬದಲು ಬರೆದೇ ನೋಡೋಣವೆಂದು ಒಂದು ಭಾನುವಾರ ಕುಳಿತೆ. ಕನ್ನಡದಲ್ಲಿ, ತಂದೆತಾಯಿಗಳಿಗೆ ಓದಿ ಹೇಳಿದರೆ ತಿಳಿಯುವಂಥ ಒಂದು ಹಾಳೆ. ಶುಲ್ಕ ಎಷ್ಟು ವರ್ಷ ಇಲ್ಲವೆಂಬುದು ಮೊದಲಿಗೆ. ಆಟದಲ್ಲಿ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದೆಂಬುದು ಆಮೇಲೆ. ತಪ್ಪಿದ ಪಾಠಗಳನ್ನು ಯಾರು, ಯಾವಾಗ ಹೇಳಿಕೊಡಬೇಕೆಂಬುದು ಅದರ ಕೆಳಗೆ. ಈ ಕೊನೆಯದಕ್ಕೆ ನನ್ನ ಹೆಸರನ್ನೇ ಬರೆದೆ. ಹನ್ನೊಂದು ದಿನದ ಲೆಕ್ಕ ನನ್ನ ಮೇಲಿದೆ. ಮುಂದಿನ ಕಲಮಿನಲ್ಲಿ ಪೆನ್ನು ನಿಂತಿತು. ಹುಡುಗ ಆಡಲಾರದೆ ಹೋದನೋ ಆಡಲೊಲ್ಲದೆ ಹೋದನೋ ಎಂಬುದನ್ನು ನಿರ್ಧರಿಸುವವರು ಯಾರು? ಪಿ.ಡಿ.ಯವರೊಬ್ಬರೇ ಆಗಕೂಡದು; ವೈದ್ಯರಿರಬೇಕು, ಹುಡುಗನ ಕಡೆಯವರೊಬ್ಬರಿರಬೇಕು. ಪಿ.ಡಿ.ಯವರಿಗೆ ತೋರಿಸಿದೆ. ಅವರು ಎರಡು ಸಲ ಓದಿ, 'ವೈದ್ಯರು ನಮ್ಮ ಕಾಲೇಜಿನವರಾಗಿರಬಾರದು' ಎಂದು ಪೆನ್ಸಿಲಿನಿಂದ ತಾವೇ ಸೇರಿಸಿದರು.

ಹಾಳೆ ಈಗ ಮೂರು ವಾರದಿಂದ ಪ್ರಾಂಶುಪಾಲರ ಮೇಜಿನ ಮೇಲಿದೆ.